ಬ್ಯಾಂಡಿನವರಿಗೆ ಹಾಡಿನ ಹಾಳೆ ಕೊಟ್ಟ ನಡಿಗೆಗಾರ

2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೀತಿತ್ತು. ಪುರುಷರ 20 ಕಿಲೋಮೀಟರ್ ನಡಿಗೆ ಸ್ಪರ್ಧೆ ಶುರುವಾದಾಗ ನಮ್ಮಲ್ಲಿ ಬೆಳಗಿನ ಹೊತ್ತು. ನಾನು ಶಿವಪುರದಲ್ಲಿದ್ದೆ, ಜಗಲಿ ಮೇಲೆ ಮೊಬೈಲ್ ಹಿಡಿದು ಕೂತಿದ್ದೆ. ಗದ್ದೆ ಕಡೆ ಹೊರಟಿದ್ದ ದೊಡ್ಡಪ್ಪ ಎರಡು ನಿಮಿಷ ಪಕ್ಕದಲ್ಲಿ ನಿಂತು ನೋಡಿದರು. ಸೊಂಟ ತಿರುಗಿಸ್ಕೊಂಡು, ಮೊಣಕೈ ಬೀಸ್ಕೊಂಡು ಅವಸರ ಅವಸರವಾಗಿ ನಡೀತಿದ್ದ ಗಂಡಸರ ಗುಂಪು ಕಂಡು, ಇಷ್ಟು ಅರ್ಜೆಂಟ್ ಇದ್ರೆ ಓಡೋಕೇನು ಇವರಿಗೆ ರೋಗ ಅಂತ ಕೇಳಿ ಹೊರಟೇಬಿಟ್ಟರು.

ಆವತ್ತು ಗೆದ್ದದ್ದು ಬ್ರೆಜಿಲ್‌ನ ಕೈಯೊ ಬೊನ್‌ಫಿಮ್. ತನ್ನೂರಿನ ರಸ್ತೆಯಲ್ಲಿ ಅಭ್ಯಾಸ ಮಾಡುವಾಗ ಜನ ಬಯ್ಯುತ್ತಿದ್ದರು, ಗಂಡಸುತನದ ಬಗ್ಗೆ ಆಡಿಕೊಳ್ಳುತ್ತಿದ್ದರು ಎಂದು ಈತ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಈ ಆಟದ ಹಣೆಬರಹವೇ ಅದು. ಅದನ್ನ ಬಾಲ್ಯದಿಂದ ಆಡಿ ದೊಡ್ಡವರಾಗುವವರು ಕಮ್ಮಿ, ನೋಡಿ ನಗುವವರು ಜಾಸ್ತಿ. ನಿಯಮ ಮಾತ್ರ ಸರಳ. ಒಂದು ಪಾದ ಸದಾ ನೆಲದ ಮೇಲಿರಬೇಕು. ಮುಂದಿಟ್ಟ ಕಾಲು ನೆಲ ಮುಟ್ಟಿದಾಗಿನಿಂದ ದೇಹದ ಕೆಳಗೆ ನೇರವಾಗಿ ಬರುವವರೆಗೆ ಮೊಣಕಾಲು ಮಡಿಯಬಾರದು. ನೋಡುವುದಕ್ಕೆ ತೀರ್ಪುಗಾರರು ರಸ್ತೆ ಬದಿಯಲ್ಲಿ ನಿಂತಿರುತ್ತಾರೆ, ಬರಿಗಣ್ಣಲ್ಲಿ. ಕ್ಯಾಮೆರಾ ಸಾಕ್ಷಿ ನಡೆಯಲ್ಲ. ನಾನು ಎಂಜಿನಿಯರಿಂಗ್ ಓದಿದವನಾದ್ದರಿಂದ ಈ ಭಾಗ ನನಗೆ ಬಲು ಇಷ್ಟ. ವೇಗದ ಕ್ಯಾಮೆರಾದಲ್ಲಿ ನೋಡಿದರೆ ದೊಡ್ಡ ದೊಡ್ಡ ನಡಿಗೆಗಾರರ ಎರಡೂ ಕಾಲು ಒಂದಿಷ್ಟು ಹೊತ್ತು ಗಾಳಿಯಲ್ಲಿರುತ್ತವೆ. ಆದರೆ ಅದು ಸೆಕೆಂಡಿನ ನೂರು ಪಾಲಿನಲ್ಲಿ ನಾಲ್ಕು ಪಾಲಿಗಿಂತ ಕಮ್ಮಿ ಇದ್ದರೆ ಮನುಷ್ಯನ ಕಣ್ಣಿಗೆ ಹಿಡಿಯೋದೇ ಇಲ್ಲ. ಕಾಣದೇ ಇದ್ದದ್ದು ತಪ್ಪಲ್ಲ. ಆಟದ ನಿಯಮವಾಗಿ ಇದು ನ್ಯಾಯವೇ. ಬೇರೆ ಕಡೆ ಇದೇ ನಿಯಮ ನಡೆದಾಗ ಏನಾಗುತ್ತದೆ ಅನ್ನೋದು ಮುಂದೆ ಬರುತ್ತೆ.

ಆ ಬೆಳಗ್ಗೆ ನನ್ನ ತಲೆಯಲ್ಲಿ ಓಡುತ್ತಿದ್ದವನು, ಅಂದರೆ ನಡೆಯುತ್ತಿದ್ದವನು, ಬೊನ್‌ಫಿಮ್ ಅಲ್ಲ. ಈ ಆಟದ ಮೊದಲ ದೊಡ್ಡ ಸ್ಟಾರ್, ಇಟಲಿಯ ಉಗೊ ಫ್ರಿಜೆರಿಯೊ. ಮೂರು ಒಲಿಂಪಿಕ್ ಚಿನ್ನ, ಒಂದು ಕಂಚು. ನಡಿಗೆಯಲ್ಲಿ ಅವನ ಮೂರು ಚಿನ್ನದ ಲೆಕ್ಕವನ್ನು ದಾಟಲು ಪೋಲೆಂಡಿನ ರಾಬರ್ಟ್ ಕೊರ್ಜೆನಿಯೊವ್‌ಸ್ಕಿ ಬರಬೇಕಾಯಿತು, ಅದೂ 2004ರಲ್ಲಿ. ನನಗೆ ಅವನು ಕಾಡೋದು ಚಿನ್ನಕ್ಕಲ್ಲ. ಅವನ ಕೈಯಲ್ಲಿ ಮೊದಲು ಇದ್ದದ್ದು ಹಾಡಿನ ಹಾಳೆ, ಆಮೇಲೆ ಬಂದದ್ದು ಬಾವುಟ. ಬಾವುಟಕ್ಕಾಗಿ ಜೈಲಿಗೆ ಹೋದವರ ಊರಲ್ಲಿ ಕೂತವನಿಗೆ ಇದು ಸುಮ್ಮನೆ ಬಿಟ್ಟು ಹೋಗೋ ವಿಷಯ ಅಲ್ಲ.

ಫ್ರಿಜೆರಿಯೊ ಹುಟ್ಟಿದ್ದು 1901ರ ಸೆಪ್ಟೆಂಬರ್ 16ರಂದು, ಮಿಲಾನ್‌ನಲ್ಲಿ. ಗಿರಣಿ, ಕಾರ್ಖಾನೆ, ಪತ್ರಿಕೆಗಳ ಊರು. ನಡಿಗೆ ಅಲ್ಲಿ ಅಪಹಾಸ್ಯದ ಆಟ ಆಗಿರಲಿಲ್ಲ. ಅದೇ ಊರಿನ ಫೆರ್ನಾಂದೊ ಅಲ್ತಿಮಾನಿ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 10 ಕಿಲೋಮೀಟರ್ ನಡಿಗೆಯ ಕಂಚು ತಂದಿದ್ದ. ಹುಡುಗನಿಗೆ ಹತ್ತು ತುಂಬಿದ್ದಾಗಿನ ಸುದ್ದಿ ಅದು. ಆಮೇಲೆ ಮಹಾಯುದ್ಧ ಬಂತು, 1916ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಯುದ್ಧ ಮುಗಿದು 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಕ್ರೀಡಾಕೂಟ ಮತ್ತೆ ಶುರುವಾದಾಗ ಅವನಿಗಿನ್ನೂ 19 ತುಂಬಿರಲಿಲ್ಲ.

10 ಕಿಲೋಮೀಟರನ್ನು 48 ನಿಮಿಷ 6 ಸೆಕೆಂಡಲ್ಲಿ ನಡೆದ. ಎರಡನೆಯವನಾಗಿ ಬಂದ ಅಮೆರಿಕದ ಜೋಸೆಫ್ ಪಿಯರ್‌ಮನ್ ಒಂದೂವರೆ ನಿಮಿಷ ಹಿಂದೆ. ಲೆಕ್ಕ ಹಾಕಿ ನೋಡಿ, ಕಿಲೋಮೀಟರಿಗೆ ಐದು ನಿಮಿಷಕ್ಕೂ ಕಮ್ಮಿ. ಜಿಮ್ ಸೇರಿ ಟ್ರೆಡ್‌ಮಿಲ್ ಮೇಲೆ ಓಡುವ ನನ್ನಂಥವರಿಗೆ ಆ ವೇಗದಲ್ಲಿ ಓಡಿಯೇ ಎರಡು ಕಿಲೋಮೀಟರ್ ದಾಟೋದು ಕಷ್ಟ. ಅವನು ಹತ್ತು ಕಿಲೋಮೀಟರ್ ನಡೆದುಬಿಟ್ಟ.

ಅದೇ ವಾರ 3 ಕಿಲೋಮೀಟರ್ ನಡಿಗೆ. ಅವನ ಬಗ್ಗೆ ಜಗತ್ತು ನೆನಪಿಟ್ಟುಕೊಂಡ ಕತೆ ಇಲ್ಲಿಯದು. ಮೈದಾನದ ಮಧ್ಯೆ ಬ್ಯಾಂಡ್ ಇತ್ತು. ಸ್ಪರ್ಧೆಗೆ ಮೊದಲು ಈ ಹುಡುಗ ಬ್ಯಾಂಡ್ ಮೇಷ್ಟ್ರ ಹತ್ತಿರ ಹೋಗಿ, ತಾನು ನಡೆಯುವಾಗ ಇವನ್ನೇ ನುಡಿಸಬೇಕು ಅಂತ ಸಂಗೀತ ಬರೆದ ಒಂದಷ್ಟು ಹಾಳೆ ಕೈಗಿಟ್ಟ. ಮೇಷ್ಟ್ರೂ ಒಪ್ಪಿದರು. ಆ ತಾಳಕ್ಕೆ ಹೆಜ್ಜೆ ಹಾಕುತ್ತಾ, ಸುತ್ತ ಕೂತ ಜನರನ್ನ ಹುರಿದುಂಬಿಸುತ್ತಾ ಮುಂದೆ ಹೋದವನು, ಕೊನೆಗೆ ಬರುತ್ತಾ ಒಂದು ಕಡೆ ನಿಂತೇಬಿಟ್ಟ. ಬ್ಯಾಂಡು ತಾಳ ತಪ್ಪಿಸುತ್ತಿದೆ ಅಂತ ಅವರಿಗೆ ಬೈದು, ಸರಿಮಾಡಿಸಿ, ಮತ್ತೆ ನಡೆದು ಗೆದ್ದ. 13 ನಿಮಿಷ 14 ಸೆಕೆಂಡ್. ಒಲಿಂಪಿಕ್ ಫೈನಲ್‌ನಲ್ಲಿ ನಿಂತು ವಾದ್ಯದವರಿಗೆ ಪಾಠ ಹೇಳುವಷ್ಟು ಸಲೀಸು, ಅಷ್ಟು ಧಿಮಾಕು. ನನಗೆ ಈ ಹುಡುಗನ ಮೇಲೆ ಪ್ರೀತಿ ಹುಟ್ಟೋದು ಇಲ್ಲೇ. ಬೇರೆಯವರು ಬಾರಿಸಿದ ತಾಳಕ್ಕೆ ಅವನು ಕುಣಿಯಲಿಲ್ಲ. ತನ್ನ ಕಾಲಿಗೆ ಬೇಕಾದ ತಾಳವನ್ನ ಅವರಿಂದ ಹೊಡೆಸಿಕೊಂಡ.

ಅದೇ ಆಂಟ್‌ವರ್ಪ್‌ನಲ್ಲಿ ನಮ್ಮವನೂ ಒಬ್ಬ ಇದ್ದ. ಬೆಳಗಾವಿ ಸೀಮೆಯ ಫಡೆಪ್ಪ ದರೆಪ್ಪ ಚೌಗುಲೆ. ದೊರಾಬ್ಜಿ ಟಾಟಾ ಅವರ ಮುಂದಾಳತ್ವದಲ್ಲಿ ಹೋದ ಆರು ಜನರ ತಂಡ ಅದು, ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ಪುಣೆಯ ಡೆಕ್ಕನ್ ಜಿಮ್ಖಾನಾ ಕ್ರೀಡಾಕೂಟದಲ್ಲಿ ರೈತರ ಮಕ್ಕಳು ಬರಿಗಾಲಲ್ಲಿ ಓಡೋದನ್ನ ಕಂಡು ಟಾಟಾಗೆ ಹುಟ್ಟಿದ ಹುಚ್ಚು. ಚೌಗುಲೆ ಮ್ಯಾರಥಾನ್ ಓಡಿ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಗುರಿ ಮುಟ್ಟಿ 19ನೆಯವನಾದ. ಆ ಸಲದ ಮ್ಯಾರಥಾನ್ ಈಗಿನದಕ್ಕಿಂತ ಅರ್ಧ ಕಿಲೋಮೀಟರ್ ಜಾಸ್ತಿ ಉದ್ದ ಇತ್ತು ಅನ್ನೋದು ನೆನಪಿರಲಿ. ಆದರೆ ಆ ಆರು ಜನಕ್ಕೆ ತಮ್ಮದು ಅಂತ ಒಂದು ಬಾವುಟ ಇರಲಿಲ್ಲ. ಆಳುವವರ ಬಾವುಟವೇ ಅವರ ಬಾವುಟ. ಆ ಆಗಸ್ಟ್ 1ರಂದು ಗಾಂಧಿ ಅಸಹಕಾರ ಚಳವಳಿ ಶುರುಮಾಡಿದ್ದರು. ಒಂದು ಕಡೆ ದೇಶ ಬ್ರಿಟಿಷರ ಜೊತೆ ಸಹಕರಿಸೋದಿಲ್ಲ ಅಂತಿದೆ, ಇನ್ನೊಂದು ಕಡೆ ಬೆಳಗಾವಿಯ ಹುಡುಗ ಅವರ ಹೆಸರಿನ ಕೆಳಗೆ ಓಡುತ್ತಿದ್ದಾನೆ. ಅವನನ್ನ ಇದಕ್ಕಾಗಿ ದೂರುವವರು ಯಾರೂ ಇಲ್ಲ, ಬೇಕಾಗೂ ಇಲ್ಲ. ಬಾವುಟ ಆರಿಸಿಕೊಳ್ಳುವ ಅವಕಾಶವೇ ಅವನಿಗಿರಲಿಲ್ಲ.

ಫ್ರಿಜೆರಿಯೊ ಎರಡು ಚಿನ್ನದ ಜೊತೆ ವಾಪಸಾದ ಮಿಲಾನ್ ಕುದಿಯುತ್ತಿತ್ತು. ಆಗಸ್ಟ್ ಕೊನೆಗೆ ಅಲ್ಲಿನ ಕಾರ್ಮಿಕರು ಕಾರ್ಖಾನೆಗಳನ್ನೇ ವಶಕ್ಕೆ ತಗೊಂಡರು, ಸೆಪ್ಟೆಂಬರ್‌ನಲ್ಲಿ ಅದು ಇಟಲಿಯ ಉದ್ದಕ್ಕೂ ಹಬ್ಬಿತು. ಅದೇ ಊರಿನ ಸಾನ್ ಸೆಪೊಲ್‌ಕ್ರೊ ಚೌಕದಲ್ಲಿ 1919ರ ಮಾರ್ಚ್‌ನಲ್ಲಿ ಬೆನಿತೊ ಮುಸೊಲಿನಿ ಎಂಬ ಪತ್ರಕರ್ತ ತನ್ನ ಪಡೆ ಕಟ್ಟಿದ್ದ. ಕಾರ್ಮಿಕರ ಕೆಂಪು ಬಾವುಟಕ್ಕೆ ಹೆದರಿದ ಮಾಲೀಕರಿಗೆ ಈ ಕಪ್ಪಂಗಿಯವರು ಆಪ್ತರಾದರು. 1922ರ ಅಕ್ಟೋಬರ್‌ನಲ್ಲಿ ಕಪ್ಪಂಗಿಗಳು ರೋಮಿಗೆ ನಡೆದು ಹೋದರು, ಅರಸ ಅಧಿಕಾರವನ್ನ ಮುಸೊಲಿನಿ ಕೈಗೆ ಕೊಟ್ಟ. ಚರಿತ್ರೆಯಲ್ಲಿ ಅದರ ಹೆಸರೇ ರೋಮ್ ನಡಿಗೆ. ತಮಾಷೆ ಅಂದರೆ ಮುಸೊಲಿನಿ ಸ್ವತಃ ನಡೆಯಲಿಲ್ಲ. ಮಿಲಾನ್‌ನಿಂದ ರಾತ್ರಿ ರೈಲಲ್ಲಿ ಮಲಗಿಕೊಂಡು ಬಂದ.

ಇನ್ನು 1924ರ ಬೇಸಿಗೆ. ಈ ಬದುಕಿನಲ್ಲಿ ನಾನು ಹೆಚ್ಚು ಹೊತ್ತು ನಿಲ್ಲೋದು ಇಲ್ಲಿ.

ಮೇ 30ರಂದು ಸಮಾಜವಾದಿ ಸಂಸದ ಜಾಕೊಮೊ ಮತ್ತೆಯೊತ್ತಿ ಇಟಲಿಯ ಸಂಸತ್ತಿನಲ್ಲಿ ಎದ್ದು ನಿಂತು, ಏಪ್ರಿಲ್ ಚುನಾವಣೆಯಲ್ಲಿ ಫ್ಯಾಸಿಸ್ಟರು ನಡೆಸಿದ ದೊಂಬಿ ಮತ್ತು ಮೋಸವನ್ನು ಬಿಡಿಸಿ ಹೇಳಿದ. ಜೂನ್ 10ರಂದು ಅವನನ್ನ ರೋಮಿನ ನಡುಬೀದಿಯಲ್ಲಿ ಕಾರಿಗೆ ಎಳೆದು ಹಾಕಿಕೊಂಡು ಹೋಗಿ ಕೊಂದರು. ಹೆಣ ಸಿಕ್ಕಿದ್ದು ಆಗಸ್ಟ್ 16ಕ್ಕೆ. ಈ ಎರಡು ತಾರೀಕಿನ ಮಧ್ಯೆ, ಜುಲೈ 5ರಂದು, ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆ. ಇಟಲಿ ತಂಡದ ಮುಂದೆ ಬಾವುಟ ಹಿಡಿದು ನಡೆದವನು ಉಗೊ ಫ್ರಿಜೆರಿಯೊ. ದೇಶದಲ್ಲಿ ಒಬ್ಬ ಸಂಸದನ ಶವ ಹುಡುಕುತ್ತಿದ್ದಾರೆ. ಕೊಂದವರು ಯಾರ ಕಡೆಯವರು ಅನ್ನೋದು ಎಲ್ಲರಿಗೂ ಗೊತ್ತು. ಹೊರಗೆ ಚೆಂದದ ಹುಡುಗನೊಬ್ಬ ಬಾವುಟ ಎತ್ತಿ ಹಿಡಿದು ನಡೆಯುತ್ತಿದ್ದಾನೆ. ಕಾಣದೇ ಇದ್ದದ್ದು ತಪ್ಪಲ್ಲ ಅನ್ನೋ ಆಟದ ನಿಯಮವನ್ನ ಆ ಬೇಸಿಗೆಯಲ್ಲಿ ಒಂದಿಡೀ ಸರ್ಕಾರ ಪಾಲಿಸುತ್ತಿತ್ತು. 1925ರ ಜನವರಿ 3ರಂದು ಮುಸೊಲಿನಿ ಸಂಸತ್ತಲ್ಲೇ ನಿಂತು, ನಡೆದದ್ದಕ್ಕೆಲ್ಲ ತಾನೇ ಹೊಣೆ, ಏನು ಮಾಡ್ತೀರೋ ಮಾಡಿ ಅನ್ನೋ ಧಾಟಿಯಲ್ಲಿ ಮಾತಾಡಿದ. ಯಾರೂ ಏನೂ ಮಾಡಲಿಲ್ಲ. ಸರ್ವಾಧಿಕಾರ ಅಲ್ಲಿಂದಾಚೆಗೆ ಮುಸುಕು ತೆಗೆಯಿತು.

ಪ್ಯಾರಿಸ್‌ನ ನಡಿಗೆ ಸ್ಪರ್ಧೆಯೂ ಗಲಾಟೆಯಲ್ಲೇ ನಡೆಯಿತು, ಬೇರೆ ಕಾರಣಕ್ಕೆ. ಆಸ್ಟ್ರಿಯಾದ ನಡಿಗೆಗಾರನೊಬ್ಬನನ್ನ ತೀರ್ಪುಗಾರರು ಕಾಲೆತ್ತಿದ ಅಂತ ಹೊರಗೆ ಹಾಕಿದರು. ಮೇಲ್ಮನವಿ ಸಮಿತಿ ಅವನನ್ನ ವಾಪಸ್ ಒಳಗೆ ಬಿಟ್ಟಿತು. ನಮ್ಮ ಕಣ್ಣಿಗಿಂತ ನಿಮ್ಮ ಕಾಗದ ದೊಡ್ಡದಾ ಅಂತ ತೀರ್ಪುಗಾರರು ಕೆಲಸ ಬಿಟ್ಟು ಕೂತರು. ಕೊನೆಗೆ ಬೇರೆಯವರನ್ನ ಹಿಡಿದು ತಂದು ಫೈನಲ್ ಮುಗಿಸಿದರು. ಫ್ರಿಜೆರಿಯೊ 10 ಕಿಲೋಮೀಟರನ್ನು 47 ನಿಮಿಷ 49 ಸೆಕೆಂಡಲ್ಲಿ ನಡೆದು ಮೂರನೇ ಚಿನ್ನ ಗೆದ್ದ. ಬ್ರಿಟನ್ನಿನ ಗಾರ್ಡನ್ ಗುಡ್ವಿನ್ ಬೆಳ್ಳಿ ತಗೊಂಡ.

ಮರುವರ್ಷ ಅಮೆರಿಕಕ್ಕೆ ಹೋಗಿ ಒಳಾಂಗಣದ ಸ್ಪರ್ಧೆಗಳಲ್ಲೂ ಹೆಸರು ಮಾಡಿದ. ಆದರೆ ಪ್ಯಾರಿಸ್‌ನ ಗಲಾಟೆ ಆಟಕ್ಕೇ ಮುಳುವಾಯಿತು. ಯಾವುದು ನಡಿಗೆ, ಯಾವುದು ಓಟ ಅಂತ ಒಮ್ಮತಕ್ಕೆ ಬರಲಾಗದೆ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಿಂದ ನಡಿಗೆಯನ್ನೇ ತೆಗೆದುಹಾಕಿದರು. 26ರ ಪ್ರಾಯದ ಚಾಂಪಿಯನ್‌ಗೆ ನಡೆಯೋಕೆ ಸ್ಪರ್ಧೆಯೇ ಇಲ್ಲ.

ಆ ನಾಲ್ಕು ವರ್ಷದ ಆಚೆ ಈಚೆ ನಮ್ಮಲ್ಲಿ ಇನ್ನೊಬ್ಬ ನಡಿಗೆಗಾರ 60ನೇ ವಯಸ್ಸಿನಲ್ಲಿ ಸಾಬರಮತಿಯಿಂದ ದಂಡಿಗೆ ನಡೆದ, 1930ರಲ್ಲಿ, 24 ದಿನ. ಅವರೂ 1931ರ ಡಿಸೆಂಬರ್‌ನಲ್ಲಿ ದುಂಡುಮೇಜಿನ ಸಭೆಯಿಂದ ಹಿಂತಿರುಗುತ್ತಾ ರೋಮಿನಲ್ಲಿ ಮುಸೊಲಿನಿಯನ್ನ ಭೇಟಿಯಾದರು. ಗಾಂಧಿಯನ್ನು ಗೌರವಿಸುವ ನನಗೂ ಆ ಭೇಟಿಯ ಫೋಟೊಗಳನ್ನ ನೋಡಿದರೆ ಮುಜುಗರ ಆಗುತ್ತೆ. ಆ ಕಾಲದಲ್ಲಿ ಆ ಮನುಷ್ಯನ ಮೋಡಿಗೆ ಸಿಕ್ಕವರು ಬರೀ ಅಥ್ಲೀಟುಗಳಲ್ಲ ಅನ್ನೋದನ್ನ ಫ್ರಿಜೆರಿಯೊ ಮೇಲೆ ಕಲ್ಲೆಸೆಯೋ ಮೊದಲು ನೆನಪಿಟ್ಕೊಬೇಕು.

1932, ಲಾಸ್ ಏಂಜಲಿಸ್. ನಡಿಗೆ ವಾಪಸ್ ಬಂತು, ಆದರೆ 10 ಅಲ್ಲ, 50 ಕಿಲೋಮೀಟರ್. ಸಣ್ಣ ದೂರದ ಕಲಾವಿದನಿಗೆ ಇದು ಬೇರೆಯೇ ಆಟ. ಆದರೂ ಹೋದ, ಮತ್ತೆ ಬಾವುಟ ಹಿಡಿದ. ಈ ಸಲ ಆ ತಂಡದ ಹೆಸರೇ ಮುಸೊಲಿನಿಯ ಹುಡುಗರು. ಅವರು 12 ಚಿನ್ನ ಗೆದ್ದು ಪದಕ ಪಟ್ಟಿಯಲ್ಲಿ ಅಮೆರಿಕದ ನಂತರದ ಸ್ಥಾನಕ್ಕೆ ಬಂದರು. 1500 ಮೀಟರ್ ಗೆದ್ದ ಲುಯಿಜಿ ಬೆಕ್ಕಾಲಿ ವೇದಿಕೆ ಮೇಲೆ ಫ್ಯಾಸಿಸ್ಟ್ ಸಲಾಮು ಹೊಡೆದ ಫೋಟೊ ಈಗಲೂ ಸಿಗುತ್ತೆ.

ಆ 50 ಕಿಲೋಮೀಟರಿನ ಪದಕ ಗೆದ್ದ ಮೂವರ ಕತೆಯೇ ಒಂದು ಪುಸ್ತಕ ಆಗಬಹುದು. ಮೊದಲನೆಯವನು ಬ್ರಿಟನ್ನಿನ ಟಾಮಿ ಗ್ರೀನ್, ರೈಲ್ವೆ ಕಾರ್ಖಾನೆಯ ಕೆಲಸಗಾರ. ಮೂಳೆ ರೋಗದಿಂದ ಐದು ವರ್ಷದ ತನಕ ಅವನಿಗೆ ನಡೆಯಲೇ ಬರುತ್ತಿರಲಿಲ್ಲ. ಸೈನ್ಯಕ್ಕೆ ಸೇರಿದಾಗ ಕುದುರೆ ಮೈಮೇಲೆ ಬಿತ್ತು, ಮಹಾಯುದ್ಧದಲ್ಲಿ ವಿಷಾನಿಲ ಕುಡಿದ. ಮೂವತ್ತು ದಾಟಿದ ಮೇಲೆ, ಕುರುಡನಾಗಿದ್ದ ಒಬ್ಬ ಮಾಜಿ ಸೈನಿಕನಿಗೆ ನಡಿಗೆಯ ಅಭ್ಯಾಸಕ್ಕೆ ಜೊತೆಯಾಗಿ ಹೋಗಿ ತಾನೂ ಕಲಿತ. 38ನೇ ವಯಸ್ಸಿಗೆ ಒಲಿಂಪಿಕ್ ಚಿನ್ನ, 4 ಗಂಟೆ 50 ನಿಮಿಷ 10 ಸೆಕೆಂಡ್. ಎರಡನೆಯವನು ಯಾನಿಸ್ ದಾಲಿನ್ಶ್, ಲಾಟ್ವಿಯಾಕ್ಕೆ ಮೊಟ್ಟಮೊದಲ ಒಲಿಂಪಿಕ್ ಪದಕ ತಂದವನು. ಎಂಟು ವರ್ಷದಲ್ಲಿ ಸೋವಿಯತ್ ಒಕ್ಕೂಟ ಅವನ ದೇಶವನ್ನೇ ನುಂಗಿತು. ಯುದ್ಧದ ನಂತರ ಅವನು ಆಸ್ಟ್ರೇಲಿಯಾ ಸೇರಿ ಮೆಲ್ಬರ್ನ್‌ನಲ್ಲಿ ತೀರಿಕೊಂಡ. ಮೂರನೆಯವನು ನಮ್ಮ ಫ್ರಿಜೆರಿಯೊ, 4 ಗಂಟೆ 59 ನಿಮಿಷ 6 ಸೆಕೆಂಡ್. ಮುಂದಿನವನಿಗಿಂತ ಎರಡು ನಿಮಿಷದಷ್ಟೂ ಹಿಂದಿರಲಿಲ್ಲ. ಕ್ರೀಡಾಪಟುವಾಗಿ ಇದು ಅವನ ದೊಡ್ಡ ಸಾಧನೆ ಅಂತಲೇ ನನ್ನ ಲೆಕ್ಕ. ಚಿನ್ನ ಗೆದ್ದಾಗ ಪ್ರತಿಭೆ ಸಾಕಿತ್ತು, ಈ ಕಂಚಿಗೆ ಹಟ ಬೇಕಾಯಿತು.

ಅಲ್ಲಿಗೆ ಸ್ಪರ್ಧೆಯ ಬದುಕು ಮುಗಿಯಿತು. 1934ರಲ್ಲಿ ಆತ್ಮಕತೆ ಬಂತು. ಅದರ ಹೆಸರನ್ನ ಕನ್ನಡಕ್ಕೆ ತಂದರೆ ಇಟಲಿಯ ಹೆಸರಿನಲ್ಲಿ ನಡೆಯುತ್ತಾ ಅಂತಾಗುತ್ತೆ. ಹದಿನಾಲ್ಕು ವರ್ಷದ ಹಿಂದೆ ತಾನು ಕೊಟ್ಟ ಹಾಡಿಗೆ ತಾನೇ ನಡೆದವನು, ಈಗ ಇಟಲಿಯ ಹೆಸರಲ್ಲಿ ನಡೆದೆ ಅಂತ ಬರೆಸಿಕೊಳ್ಳುತ್ತಿದ್ದಾನೆ. ಆ ಹೊತ್ತಿಗೆ ಇಟಲಿಯ ಹೆಸರು ಯಾರ ಹತ್ತಿರ ಇತ್ತು? ಆ ಹೆಸರಲ್ಲಿ ನಡೆಯಲು ಬೇರೆ ಯಾರಿಗೆ ಅವಕಾಶ ಇತ್ತು? ಅಂತೋನಿಯೊ ಗ್ರಾಮ್ಷಿ 1926ರಿಂದ ಬಂಧನದಲ್ಲಿದ್ದ. ಅವನೂ ಇಟಲಿಯ ಬಗ್ಗೆಯೇ ನೋಟ್‌ಬುಕ್ಕುಗಳಲ್ಲಿ ಬರೆಯುತ್ತಿದ್ದ. ಫ್ರಿಜೆರಿಯೊ ಖಳನಾಯಕ ಅಂತ ನಾನು ಹೇಳ್ತಿಲ್ಲ. ಅವನ ಕೈ ರಕ್ತದ್ದಲ್ಲ. ಆದರೆ ಬಾವುಟ ಹಿಡಿಯೋಕೆ ಆಳುವವರಿಗೆ ಬೇಕಾಗಿದ್ದದ್ದೂ ಅಂಥ ಶುಭ್ರವಾದ ಕೈಯೇ.

ಅವನ ಆತ್ಮಕತೆ ಬಂದ ಎರಡು ವರ್ಷಕ್ಕೆ, 1936ರ ಆಗಸ್ಟ್ 15ರಂದು, ಬರ್ಲಿನ್‌ನಲ್ಲಿ ಹಾಕಿ ಫೈನಲ್. ಎದುರಿಗೆ ಜರ್ಮನಿ. ಧ್ಯಾನ್‌ಚಂದ್ ಮತ್ತು ಜೊತೆಗಾರರು ಮೈದಾನಕ್ಕೆ ಇಳಿಯುವ ಮೊದಲು ಬಟ್ಟೆ ಬದಲಿಸುವ ಕೋಣೆಯೊಳಗೆ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಬಿಚ್ಚಿ ನಮಸ್ಕಾರ ಮಾಡಿದರು. ಹೊರಗೆ ಹಿಡಿಯುವ ಹಾಗಿರಲಿಲ್ಲ.

ಎರಡು ವರ್ಷದ ನಂತರ ಅದೇ ಬಾವುಟ ನಮ್ಮ ಶಿವಪುರಕ್ಕೆ ಬಂತು. 1938ರ ಏಪ್ರಿಲ್, ಶಿಂಷಾ ನದಿ ಹತ್ತಿರದ ಈ ಹಳ್ಳಿಯಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ. ಟಿ. ಸಿದ್ದಲಿಂಗಯ್ಯ ಅಧ್ಯಕ್ಷರು. ಎಚ್.ಕೆ. ವೀರಣ್ಣಗೌಡ, ಸಾಹುಕಾರ್ ಚೆನ್ನಯ್ಯ ಮುಂತಾದ ಮಂಡ್ಯ ಸೀಮೆಯವರು ಅದರ ಬೆನ್ನೆಲುಬು. ಧ್ವಜ ಹಾರಿಸಬಾರದು ಅಂತ ಸಂಸ್ಥಾನದ ಸರ್ಕಾರ ಆದೇಶ ಮಾಡಿತ್ತು. ಸುತ್ತಲ ಹಳ್ಳಿಗಳಿಂದ ಸಾವಿರಾರು ಜನ ಬಂದು ಸೇರಿದರು. ಧ್ವಜ ಹಾರಿತು, ಮುಖಂಡರು ಬಂಧನಕ್ಕೆ ಹೋದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಇದೇ ಕಾರಣಕ್ಕೆ ಗುಂಡು ಹಾರಿ ಜನ ಸತ್ತರು. ಆಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ವಲ್ಲಭಭಾಯಿ ಪಟೇಲರ ನಡುವೆ ಒಪ್ಪಂದವಾಗಿ, ಗಂಡಭೇರುಂಡದ ಬಾವುಟದ ಜೊತೆ ತ್ರಿವರ್ಣವನ್ನೂ ಹಾರಿಸಬಹುದು ಅಂತಾಯಿತು. ಶಿವಪುರದ ಸತ್ಯಾಗ್ರಹ ಸೌಧ ಅದರ ನೆನಪಿಗೆ ಕಟ್ಟಿದ್ದು. ಹೆದ್ದಾರಿಯಲ್ಲಿ ಮೈಸೂರಿಗೆ ಹೋಗುವವರು ಮದ್ದೂರು ವಡೆಗೆ ನಿಲ್ತಾರೆ, ಇದಕ್ಕೆ ನಿಲ್ಲೋರು ಕಮ್ಮಿ.

ಶಿವಪುರದಲ್ಲಿ ಬಾವುಟ ಹಿಡಿದವರೂ ಫ್ರಿಜೆರಿಯೊ ಹಾಗೆ ದೇಶದ ಹೆಸರಲ್ಲೇ ನಡೆದರು. ನನಗೆ ಕಾಣುವ ವ್ಯತ್ಯಾಸ ಒಂದೇ. ಇವರ ಬಾವುಟ ಹೋಗುವ ದಾರಿಯಲ್ಲಿ ಪೊಲೀಸರು ಎದುರಿಗೆ ನಿಂತಿದ್ದರು. ಅವನ ಬಾವುಟಕ್ಕೆ ಪೊಲೀಸರೇ ದಾರಿ ಬಿಡಿಸಿಕೊಟ್ಟರು. ಈಗಿನ ಕಾಲಕ್ಕೂ ಬಾವುಟ ನೋಡಿದಾಗ ನಾನು ಮೊದಲು ಹುಡುಕೋದು ಪೊಲೀಸರು ಯಾವ ಕಡೆ ನಿಂತಿದ್ದಾರೆ ಅಂತ. 2023ರ ಮೇ 28ರಂದು ದಿಲ್ಲಿಯಲ್ಲಿ ಸಾಕ್ಷಿ ಮಲಿಕ್, ವಿನೇಶ್ ಫೋಗಟ್, ಬಜರಂಗ್ ಪೂನಿಯಾ ಇದೇ ತ್ರಿವರ್ಣ ಹಿಡಿದು ಹೊಸ ಸಂಸತ್ ಭವನದ ಕಡೆ ನಡೆದಾಗ ಅವರನ್ನ ನೆಲಕ್ಕೆ ಕೆಡವಿ ಎಳೆದೊಯ್ದರು. ಒಲಿಂಪಿಕ್ ಪದಕದ ಜೊತೆ ಅದೇ ಬಾವುಟ ಹೊದ್ದು ನಿಂತಾಗ ಅವರ ಪಕ್ಕ ಫೋಟೊಗೆ ನಿಲ್ಲೋಕೆ ಸಾಲು ಇತ್ತು. ಇನ್ನು ನಮ್ಮ ಮಂಡ್ಯದ ಕೆರಗೋಡಿನಲ್ಲಿ 2024ರ ಜನವರಿಯಲ್ಲಿ ಒಂದು ಧ್ವಜಸ್ತಂಭದ ಮೇಲೆ ಯಾವ ಬಾವುಟ ಇರಬೇಕು ಅನ್ನೋದಕ್ಕೆ ಪಾದಯಾತ್ರೆಯೇ ಆಯಿತು. ಅದರ ಬಗ್ಗೆ ಬರೆಯೋದಾದರೆ ಇನ್ನೊಂದು ಲೇಖನ ಬೇಕು, ಬೈಗುಳ ತಿನ್ನೋಕೆ ತಾಕತ್ತೂ ಬೇಕು.

ಫ್ರಿಜೆರಿಯೊ ಯುದ್ಧವನ್ನೂ ದಾಟಿದ, ಮುಸೊಲಿನಿಯ ಅಂತ್ಯವನ್ನೂ ಕಂಡ. 1945ರ ಏಪ್ರಿಲ್‌ನಲ್ಲಿ ಮುಸೊಲಿನಿಯ ಹೆಣವನ್ನ ತಲೆಕೆಳಗಾಗಿ ನೇತುಹಾಕಿದ್ದು ಇವನು ಹುಟ್ಟಿದ ಮಿಲಾನ್‌ನ ಲೊರೆಟೊ ಚೌಕದಲ್ಲೇ. ಫ್ರಿಜೆರಿಯೊ 1968ರ ಜುಲೈ 7ರಂದು ಉತ್ತರ ಇಟಲಿಯ ಗಾರ್ದಾದಲ್ಲಿ ತೀರಿಕೊಂಡ. ವಯಸ್ಸು 66.

ಇನ್ನೊಂದು ಮೂರು ತಿಂಗಳು ಬದುಕಿದ್ದರೆ ಮೆಕ್ಸಿಕೊ ಒಲಿಂಪಿಕ್ಸ್‌ನ 20 ಕಿಲೋಮೀಟರ್ ನಡಿಗೆಯ ಸುದ್ದಿ ಓದಿರುತ್ತಿದ್ದ. ಅಕ್ಟೋಬರ್ 2ರಂದು ಆ ಊರಿನ ತ್ಲಾತೆಲೊಲ್ಕೊ ಚೌಕದಲ್ಲಿ ಸೈನಿಕರು ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿ ಕೊಂದಿದ್ದರು. ಎರಡು ವಾರವೂ ಕಳೆಯದೆ ಆತಿಥೇಯ ದೇಶದ ಸೈನಿಕ ಹೊಸೆ ಪೆದ್ರಾಸಾ ಮೂರನೆಯವನಾಗಿ ಸ್ಟೇಡಿಯಮ್ಮಿನೊಳಗೆ ಬಂದ. ಇಡೀ ಸ್ಟೇಡಿಯಂ ಅವನ ದೇಶದ ಹೆಸರು ಕೂಗಿತು. ಅವನು ಒಬ್ಬನನ್ನ ಹಿಂದೆ ಹಾಕಿದ, ಮುಂದಿದ್ದ ಸೋವಿಯತ್‌ನ ವ್ಲಾದಿಮಿರ್ ಗೊಲುಬ್ನಿಚಿಯ ಬೆನ್ನಿಗೆ ಬಿದ್ದ. ನೋಡಿದವರಲ್ಲಿ ಎಷ್ಟೋ ಜನರಿಗೆ ಅದು ನಡಿಗೆಯಾಗಿ ಕಾಣಲಿಲ್ಲ, ಓಟವಾಗಿ ಕಂಡಿತು. ತೀರ್ಪುಗಾರರು ಅವನ ಕಾಲನ್ನೂ ನೋಡಿದರು, ಸುತ್ತ ಕೂತ ಜನರನ್ನೂ ನೋಡಿದರು. ಯಾರೂ ಅವನನ್ನ ಹೊರಗೆ ಕಳಿಸಲಿಲ್ಲ. ಎರಡು ಸೆಕೆಂಡೂ ಇಲ್ಲದ ಅಂತರದಲ್ಲಿ ಅವನಿಗೆ ಬೆಳ್ಳಿ ಬಂತು.